ನೀರಿನ ದರ, ನ್ಯಾಯದ ದರ: ಬಿಲ್ಲಿನಲ್ಲಿ ಹೆಸರಿಲ್ಲದವರ ಲೆಕ್ಕ

(ಮುಂಬಯಿಯಲ್ಲಿ ಸಮಾಜಬಾಂಧವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಧರ್ಮ, ಸಾಹಿತ್ಯ, ಸಮಾಜ ಸುಧಾರಣೆಗಳ ಕುರಿತ ಉಪನ್ಯಾಸಗಳನ್ನು ಕೇಳಿ ಅಭ್ಯಾಸವಿರುವ ಈ ಸಭೆಗೆ, ನೀರಿನ ಬಿಲ್ಲು ಒಂದು ಉಪನ್ಯಾಸದ ವಿಷಯವಾಗಬಲ್ಲದೇ ಎಂಬ ಸಂಶಯ ಬರುವುದು ಸಹಜ. ನಮ್ಮಲ್ಲಿ ಹೆಚ್ಚಿನವರು ಆ ಬಿಲ್ಲನ್ನು ನೋಡಿಯೂ ಇಲ್ಲ. ಅದು ಸೊಸೈಟಿಯ ಹೆಸರಿಗೆ ಬರುತ್ತದೆ, ಕಾರ್ಯದರ್ಶಿ ತುಂಬುತ್ತಾರೆ, ನಮ್ಮ ಪಾಲು ತಿಂಗಳ ನಿರ್ವಹಣಾ ವೆಚ್ಚದಲ್ಲಿ ಒಂದು ಸಾಲಾಗಿ ಸೇರಿಹೋಗುತ್ತದೆ. ಆದರೂ ಒಂದು ನಗರ ತನ್ನ ಬಡವರನ್ನೂ ಶ್ರಮಿಕರನ್ನೂ ನೆರೆಯ ಹಳ್ಳಿಗಳನ್ನೂ ಹೇಗೆ ನಡೆಸಿಕೊಳ್ಳುತ್ತಿದೆ ಎಂಬುದನ್ನು ತಿಳಿಯಬೇಕಾದರೆ ಆ ಒಂದು ಸಾಲಿನ ಹಿಂದೆ ಹೋಗಬೇಕಾಗುತ್ತದೆ.

ನ್ಯಾಯವಾದ ದರ ಯಾವುದು ಎಂದು ಕೇಳಿದರೆ ಎರಡು ಉತ್ತರಗಳು ಥಟ್ಟನೆ ಸಿಗುತ್ತವೆ. ನೀರು ಪ್ರಕೃತಿಯ ಕೊಡುಗೆ, ಅದಕ್ಕೆ ಬೆಲೆ ಕಟ್ಟಬಾರದು ಎಂಬುದು ಒಂದು. ಖರ್ಚಾದಷ್ಟನ್ನೂ ಬಳಸಿದವರಿಂದಲೇ ವಸೂಲು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಚುನಾವಣೆಯ ಮುನ್ನ ಕೇಳುತ್ತೇವೆ, ಎರಡನೆಯದನ್ನು ಚುನಾವಣೆ ಮುಗಿದ ಮೇಲೆ. ಇವೆರಡೂ ಅಪೂರ್ಣವೆಂದು ನನ್ನ ಅಭಿಪ್ರಾಯ. ಬಿಲ್ಲಿನ ಮೇಲೆ ಯಾರ ಹೆಸರು ಇಲ್ಲವೋ ಅವರು ಏನನ್ನು ತೆರುತ್ತಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದ ದರವೇ ನ್ಯಾಯದ ದರ. ಇಂದಿನ ನನ್ನ ಮಾತಿನ ಸಾರ ಇಷ್ಟೇ. ಅದನ್ನು ಈಗ ವಿವರಿಸುತ್ತೇನೆ.

ಮೊದಲಿಗೆ ನೀರು ಬರುವ ದಾರಿಯನ್ನು ನೋಡೋಣ. ಮುಂಬಯಿಗೆ ಏಳು ಜಲಾಶಯಗಳಿಂದ ನೀರು ಬರುತ್ತದೆ. ನಗರದೊಳಗಿರುವ ವಿಹಾರ್ 1860ರಲ್ಲಿಯೂ ತುಳಸಿ 1879ರಲ್ಲಿಯೂ ಸಿದ್ಧವಾದವು. ಅವು ಸಾಲದಾದಾಗ ನಗರವು ಠಾಣೆ ಜಿಲ್ಲೆಯ ಕಡೆಗೆ ಕೈಚಾಚಿತು. 1892ರಲ್ಲಿ ತಾನ್ಸಾ, ಸ್ವಾತಂತ್ರ್ಯದ ನಂತರ ಮೋಡಕ್ ಸಾಗರ, ಮೇಲಿನ ವೈತರಣಾ, ಭಾತ್ಸಾ, ಕೊನೆಗೆ 2014ರಲ್ಲಿ ಮಧ್ಯ ವೈತರಣಾ. ಇಂದು ನಗರಕ್ಕೆ ದಿನವೊಂದಕ್ಕೆ ಪೂರೈಕೆಯಾಗುವುದು 385 ಕೋಟಿ ಲೀಟರುಗಳಿಗೂ ಹೆಚ್ಚು. ಈ ನೀರಿನಲ್ಲಿ ಬಹಳಷ್ಟು ಎತ್ತರದಿಂದ ಇಳಿಜಾರಿನಲ್ಲಿ ತಾನಾಗಿಯೇ ಹರಿದುಬರುತ್ತದೆ. ಇಲ್ಲಿನ ಮನೆಬಳಕೆಯ ಮೂಲದರ ಸಾವಿರ ಲೀಟರಿಗೆ ಸುಮಾರು 6 ರೂಪಾಯಿಯ ಆಸುಪಾಸಿನಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ಬೆಂಗಳೂರಿನ ಸ್ಥಿತಿ ಬೇರೆ. ಅಲ್ಲಿಗೆ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರಬೇಕು. ಅಷ್ಟೇ ಅಲ್ಲ, ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಏರಬೇಕು. ಹೀಗಾಗಿ ಅಲ್ಲಿನ ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. 2014ರಿಂದ ಮುಟ್ಟದೆ ಬಿಟ್ಟಿದ್ದ ದರವನ್ನು ಮಂಡಳಿಯು 2025ರ ಏಪ್ರಿಲಿನಲ್ಲಿ ಏರಿಸಿತು. ಹನ್ನೊಂದು ವರ್ಷ ದರ ಏರಲಿಲ್ಲವೆಂದರೆ ಖರ್ಚು ಏರಲಿಲ್ಲವೆಂದಲ್ಲ. ಚೆನ್ನೈ ನಗರವು ಮೀಂಜೂರು, ನೆಮ್ಮೇಲಿಗಳಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತಿದೆ, ಆ ನೀರಿನ ಉತ್ಪಾದನಾ ವೆಚ್ಚ ಕೆರೆಯ ನೀರಿಗಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ನಮ್ಮ ಊರಿನಲ್ಲಿ ಇಷ್ಟು, ಅವರ ಊರಿನಲ್ಲಿ ಅಷ್ಟು ಎಂದು ಬರಿಯ ಅಂಕಿಗಳನ್ನು ಹೋಲಿಸಿ ನ್ಯಾಯ ಅನ್ಯಾಯಗಳನ್ನು ತೀರ್ಮಾನಿಸಲಾಗದು.

ಹಾಗಾದರೆ ದರವನ್ನು ನಿಗದಿ ಮಾಡುವ ಕ್ರಮವೇನು? ಅನೇಕ ದೇಶಗಳ ಜಲಸಂಸ್ಥೆಗಳು ಸ್ಥೂಲವಾಗಿ ಮೂರು ಹೆಜ್ಜೆಗಳನ್ನಿಡುತ್ತವೆ. ವರ್ಷವೊಂದಕ್ಕೆ ಒಟ್ಟು ಎಷ್ಟು ಹಣ ಬೇಕು ಎಂದು ಕೂಡಿಸುವುದು ಮೊದಲನೆಯದು. ಆ ಹೊರೆಯನ್ನು ಮನೆ, ಅಂಗಡಿ, ಕಾರ್ಖಾನೆ ಮುಂತಾದ ವರ್ಗಗಳಿಗೆ ಹಂಚುವುದು ಎರಡನೆಯದು. ಒಂದು ವರ್ಗದೊಳಗೆ ಹೆಚ್ಚು ಬಳಸುವವನಿಗೆ ಎಷ್ಟು, ಕಡಿಮೆ ಬಳಸುವವನಿಗೆ ಎಷ್ಟು ಎಂದು ಹಂತಗಳನ್ನು ಮಾಡುವುದು ಮೂರನೆಯದು. ಕೇಳುವುದಕ್ಕೆ ಸರಳವಾದರೂ ಪ್ರತಿಯೊಂದು ಹೆಜ್ಜೆಯಲ್ಲಿಯೂ ಯಾರದೋ ಪರವಾದ ನಿರ್ಣಯ ಅಡಗಿರುತ್ತದೆ.

ವ್ಯಾಪಾರಸ್ಥರು ಹೆಚ್ಚಾಗಿರುವ ಈ ಸಭೆಗೆ ಒಂದು ಕಲ್ಪಿತ ಊರಿನ ಜಮಾಖರ್ಚನ್ನು ಮುಂದಿಡುತ್ತೇನೆ. ಹತ್ತು ಸಾವಿರ ಮನೆಗಳ ಊರು. ತಿಂಗಳ ಖರ್ಚು 10 ಲಕ್ಷ ರೂಪಾಯಿ. ಇದರಲ್ಲಿ 7 ಲಕ್ಷ ರೂಪಾಯಿ ನೌಕರರ ಸಂಬಳ, ಸಾಲದ ಕಂತು, ಕೊಳವೆಗಳ ದುರಸ್ತಿ. ನೀರು ಹರಿಯಲಿ ಬಿಡಲಿ, ಇದು ತಪ್ಪಿದ್ದಲ್ಲ. ಉಳಿದ 3 ಲಕ್ಷ ರೂಪಾಯಿ ವಿದ್ಯುತ್ತು, ಸ್ಫಟಿಕ, ಕ್ಲೋರಿನ್. ನೀರು ಹೆಚ್ಚಿದಂತೆ ಇದೂ ಹೆಚ್ಚುತ್ತದೆ. ಆ ಊರು ತಿಂಗಳಿಗೆ 20 ಕೋಟಿ ಲೀಟರ್ ನೀರನ್ನು ಶುದ್ಧೀಕರಿಸಿ ಬಿಡುತ್ತದೆ. ಅಂದರೆ ಸಾವಿರ ಲೀಟರಿಗೆ 5 ರೂಪಾಯಿ ತಗಲಿತು. ಆದರೆ ಕಾಲುಭಾಗ ನೀರು ದಾರಿಯಲ್ಲಿ ಸೋರಿಯೋ ಕಳುವಾಗಿಯೋ ಹೋಗಿ, ಮೀಟರು ತಲುಪುವುದು 15 ಕೋಟಿ ಲೀಟರ್. ಈಗ ಅದೇ 10 ಲಕ್ಷ ರೂಪಾಯಿಯನ್ನು ಇಷ್ಟರ ಮೇಲೆಯೇ ಎತ್ತಬೇಕು. ದರ 6 ರೂಪಾಯಿ 67 ಪೈಸೆಯಾಯಿತು. ಸೋರಿದ ನೀರಿನ ಬೆಲೆಯನ್ನು ಪ್ರಾಮಾಣಿಕವಾಗಿ ಬಿಲ್ಲು ತುಂಬುವವನು ತೆತ್ತ. ಮುಂಬಯಿಯಲ್ಲಿ ಹೀಗೆ ಲೆಕ್ಕಕ್ಕೆ ಸಿಗದೆ ಹೋಗುವ ನೀರು ಕಾಲುಭಾಗಕ್ಕಿಂತ ಹೆಚ್ಚೆಂದು ಬಹುಕಾಲದಿಂದ ಅಂದಾಜಿದೆ. ಕೇಂದ್ರ ನಗರಾಭಿವೃದ್ಧಿ ಸಚಿವಾಲಯವು 2008ರಲ್ಲಿ ನಿಗದಿಪಡಿಸಿದ ಮಾನದಂಡದ ಪ್ರಕಾರ ಅದು ಶೇಕಡಾ 20ನ್ನು ಮೀರಬಾರದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಆ ಊರಿನಲ್ಲಿ ಮಳೆ ಕೈಕೊಟ್ಟಿತು. ನೀರನ್ನು ಉಳಿಸಿರೆಂದು ಆಡಳಿತ ಬೇಡಿಕೊಂಡಿತು, ಜನರು ಶೇಕಡಾ 20ರಷ್ಟು ಬಳಕೆಯನ್ನು ತಗ್ಗಿಸಿದರು. ವರಮಾನ 10 ಲಕ್ಷದಿಂದ 8 ಲಕ್ಷಕ್ಕೆ ಇಳಿಯಿತು. ಖರ್ಚು ಮಾತ್ರ 9 ಲಕ್ಷ 40 ಸಾವಿರ ರೂಪಾಯಿಗೆ ನಿಂತಿತು. ಜನರು ಮಿತವ್ಯಯ ಮಾಡಿದ್ದರಿಂದಲೇ ಸಂಸ್ಥೆಗೆ 1 ಲಕ್ಷ 40 ಸಾವಿರ ರೂಪಾಯಿ ನಷ್ಟ. ಈ ಕಾರಣದಿಂದ ಸ್ವಲ್ಪ ಭಾಗವನ್ನು ಸ್ಥಿರ ಶುಲ್ಕವಾಗಿ ಇಡುವುದು ಅನಿವಾರ್ಯ. ಆದರೆ ಸ್ಥಿರ ಶುಲ್ಕವನ್ನು ಹೆಚ್ಚಿಸುತ್ತಾ ಹೋದರೆ ಒಂದು ಕೋಣೆಯಲ್ಲಿ ಒಬ್ಬಳೇ ಇರುವ ವಿಧವೆಯೂ ಬಂಗಲೆಯ ಮಾಲೀಕನೂ ಸಮನಾಗುತ್ತಾರೆ. ಇವೆರಡರ ನಡುವಿನ ತೂಕವನ್ನು ಸರಿಯಾಗಿ ಹಿಡಿಯುವುದೇ ದರ ನಿರ್ಧಾರದ ವಿವೇಕ.

ಹಾಗಾದರೆ ಬಡವರಿಗೆ ಉಚಿತವಾಗಿ ಕೊಟ್ಟುಬಿಟ್ಟರೆ ಸಮಸ್ಯೆ ತೀರುವುದಿಲ್ಲವೇ? ದೆಹಲಿಯ ಉದಾಹರಣೆಯನ್ನು ನೋಡಿ. ಅಲ್ಲಿ 2015ರ ಮಾರ್ಚ್ 1ರಿಂದ ಮೀಟರು ಸರಿಯಿರುವ ಪ್ರತಿಯೊಂದು ಮನೆಗೂ ತಿಂಗಳಿಗೆ 20 ಸಾವಿರ ಲೀಟರವರೆಗೆ ಬಿಲ್ಲು ಶೂನ್ಯವಾಯಿತು. ಉದ್ದೇಶ ಒಳ್ಳೆಯದೇ. ಮೀಟರು ಇದ್ದರೆ ಮಾತ್ರ ಎಂಬ ನಿಯಮವೂ ಒಳ್ಳೆಯದೇ, ಜನ ತಾವಾಗಿಯೇ ಮೀಟರು ಹಾಕಿಸಿಕೊಳ್ಳುವಂತೆ ಅದು ಮಾಡುತ್ತದೆ. ಆದರೆ 20 ಸಾವಿರವನ್ನು ಒಂದಿಷ್ಟು ದಾಟಿದರೂ ದಾಟಿದ ಭಾಗಕ್ಕಷ್ಟೇ ಅಲ್ಲದೆ ಸಂಪೂರ್ಣ ಬಳಕೆಗೆ ಬಿಲ್ಲು ಬರುತ್ತದೆ.

ಗಂಡಹೆಂಡಿರಿಬ್ಬರೇ ಇರುವ ಮನೆ 19 ಸಾವಿರ ಲೀಟರ್ ಬಳಸಿತೆನ್ನಿ. ತಲೆಗೆ ದಿನಕ್ಕೆ 316 ಲೀಟರುಗಳಿಗೂ ಹೆಚ್ಚಾಯಿತು. ಆದರೂ ಅವರು ಕೊಡುವುದು ಶೂನ್ಯ. ಎಂಟು ಜನರ ಅವಿಭಕ್ತ ಕುಟುಂಬ 21 ಸಾವಿರ ಲೀಟರ್ ಬಳಸಿತೆನ್ನಿ. ತಲೆಗೆ ದಿನಕ್ಕೆ 87 ಲೀಟರುಗಳಿಗೆ ತುಸು ಹೆಚ್ಚು. ಒಳಚರಂಡಿಯುಳ್ಳ ನಗರದಲ್ಲಿ ಒಬ್ಬ ವ್ಯಕ್ತಿಗೆ ಬೇಕೆಂದು ಸರ್ಕಾರದ ಮಾನದಂಡವೇ ಹೇಳುವ 135 ಲೀಟರುಗಳಿಗಿಂತ ಎಷ್ಟೋ ಕಡಿಮೆ. ಈ ಕುಟುಂಬ ಪೂರ್ತಿ ಬಿಲ್ಲು ತೆರುತ್ತದೆ, ಅದರ ಮೇಲೆ ಒಳಚರಂಡಿ ಶುಲ್ಕವನ್ನೂ ತೆರುತ್ತದೆ. ಒಂದೇ ನಳವನ್ನು ಹಂಚಿಕೊಂಡು ಬದುಕುವ ಮೂರು ಬಾಡಿಗೆದಾರ ಕುಟುಂಬಗಳ ಗತಿಯೂ ಇದೇ. ನಮ್ಮಲ್ಲಿ ಅವಿಭಕ್ತ ಕುಟುಂಬಗಳು ಇನ್ನೂ ಉಳಿದಿವೆ, ಬಾಡಿಗೆ ಮನೆಯ ಕಷ್ಟವನ್ನು ಕಂಡವರೂ ಇದ್ದಾರೆ. ಆದ್ದರಿಂದ ಈ ಲೆಕ್ಕದ ಬಿಸಿ ನಿಮಗೆ ತಟ್ಟದಿರದು. ಮೀಟರು ನೀರನ್ನು ಅಳೆಯುತ್ತದೆ, ಮನೆಯೊಳಗೆ ಎಷ್ಟು ಬಾಯಿಗಳಿವೆ ಎಂಬುದನ್ನು ಅಳೆಯುವುದಿಲ್ಲ. ಹೈದರಾಬಾದು ಕೂಡ 2020ರ ಡಿಸೆಂಬರಿನಿಂದ ಇದೇ 20 ಸಾವಿರ ಲೀಟರಿನ ಉಚಿತ ನೀರನ್ನು ಘೋಷಿಸಿತು. ಎಷ್ಟು ಲೀಟರ್ ಉಚಿತ ಎಂಬ ಪೈಪೋಟಿಗಿಂತ ಎಷ್ಟು ಜನರಿಗೆ ಎಷ್ಟು ಲೀಟರ್ ಎಂಬ ಪ್ರಶ್ನೆ ಮುಖ್ಯವೆಂದು ನಾವು ಕೇಳಬೇಕು.

ಮುಂಬಯಿ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಇಲ್ಲಿ ದರದ ಹಂತಗಳನ್ನು ತಲೆಯ ಲೆಕ್ಕದಲ್ಲಿ ಕಟ್ಟಿದ್ದಾರೆ. ಒಬ್ಬರಿಗೆ ದಿನಕ್ಕೆ 150 ಲೀಟರವರೆಗೆ ಮೂಲದರ. ಅದನ್ನು ದಾಟಿದರೆ ಎರಡು ಪಟ್ಟು, 200 ದಾಟಿದರೆ ಮೂರು ಪಟ್ಟು, 250 ದಾಟಿದರೆ ನಾಲ್ಕು ಪಟ್ಟು. ಸೊಸೈಟಿಗಳಲ್ಲಿ ಮನೆಗೆ ಐದು ಜನರೆಂದು ಹಿಡಿದು ದಿನಕ್ಕೆ 750 ಲೀಟರುಗಳಿಗೆ ಮೂಲದರವನ್ನು ಹಾಕುತ್ತಾರೆ. ಝೋಪಡಪಟ್ಟಿಗಳಿಗೆ ಮೂಲದರ ಇನ್ನೂ ಸ್ವಲ್ಪ ಕಡಿಮೆ, ವಾಣಿಜ್ಯ ಬಳಕೆಗೆ ಹಲವು ಪಟ್ಟು ಹೆಚ್ಚು. ತತ್ತ್ವ ಸರಿಯಾಗಿದೆ. ಆದರೆ ಆ ತತ್ತ್ವ ನಮ್ಮ ಸೊಸೈಟಿಯ ಗೇಟಿನವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ!

ಗೇಟಿನಲ್ಲಿ ಇರುವುದು ಇಡೀ ಕಟ್ಟಡಕ್ಕೆ ಒಂದೇ ಮೀಟರು. ಒಳಗೆ ಬಿಲ್ಲನ್ನು ಹಂಚುವುದು ಹೇಗೆ? ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ, ಪ್ರತಿಯೊಂದು ಮನೆಯಲ್ಲಿ ಎಷ್ಟು ನಳಗಳಿವೆ, ಅವುಗಳ ಗಾತ್ರವೆಷ್ಟು ಎಂಬುದರ ಮೇಲೆ. ಯಾರು ಎಷ್ಟು ನೀರು ಬಳಸಿದರು ಎಂಬುದರ ಮೇಲಲ್ಲ. ಹಾಗಾಗಿ ಆರು ನಳಗಳ ಮನೆಯಲ್ಲಿ ಮಿತವಾಗಿ ಬದುಕುವ ವೃದ್ಧ ದಂಪತಿಗಳು, ಆರೇ ನಳಗಳ ಪಕ್ಕದ ಮನೆಯಲ್ಲಿ ಸ್ನಾನದ ತೊಟ್ಟಿಯನ್ನು ತುಂಬಿಸುವವರ ಖರ್ಚನ್ನು ಹೊರುತ್ತಾರೆ. ನೀರು ಉಳಿಸಿದವನಿಗೆ ಅದರ ಲಾಭವಿಲ್ಲ, ಚೆಲ್ಲಿದವನಿಗೆ ಅದರ ಅರಿವಿಲ್ಲ. ಮನೆಮನೆಗೆ ಉಪಮೀಟರು ಹಾಕುವುದನ್ನು ಪಾಲಿಕೆಯು ಬಂದು ಮಾಡಬೇಕೆಂದೇನೂ ಇಲ್ಲ. ಅದು ನಮ್ಮ ಸಾಮಾನ್ಯ ಸಭೆಯ ಕೈಯಲ್ಲಿದೆ. ಹಳೆಯ ಕಟ್ಟಡಗಳಲ್ಲಿ ಒಂದೊಂದು ಮನೆಗೆ ನಾಲ್ಕಾರು ಕಡೆಯಿಂದ ಕೊಳವೆ ಇಳಿಯುವುದರಿಂದ ಇದು ಕಷ್ಟ ಎಂಬ ಮಾತು ನಿಜ. ಹೊಸ ಕಟ್ಟಡಗಳಿಗೆ, ಪುನರ್ನಿರ್ಮಾಣಕ್ಕೆ ಹೋಗುತ್ತಿರುವ ಸೊಸೈಟಿಗಳಿಗೆ ಆ ನೆಪ ಇರಲಾರದು.

ಇದುವರೆಗೆ ಹೇಳಿದ್ದು ಬಿಲ್ಲು ಬರುವವರ ಕಥೆ. ಇನ್ನು ಬಿಲ್ಲಿನ ಮೇಲೆ ಹೆಸರೇ ಇಲ್ಲದವರ ವಿಷಯಕ್ಕೆ ಬರುತ್ತೇನೆ. ಅಂಥವರು ಮೂರು ಬಗೆ.

ಮೊದಲನೆಯವರು ನಳವೇ ಇಲ್ಲದವರು. ಸಾವಿರ ಲೀಟರಿಗೆ 6 ರೂಪಾಯಿಯಂತೆ ಐದು ಜನರ ಒಂದು ಮನೆಗೆ ತಿಂಗಳಿಗೆ 22,500 ಲೀಟರ್ ನೀರಿನ ಬೆಲೆ 135 ರೂಪಾಯಿ. ಇದರ ಮೇಲೆ ಶೇಕಡಾ 70ರ ಒಳಚರಂಡಿ ಶುಲ್ಕ ಸೇರಿದರೂ ಒಟ್ಟು 230 ರೂಪಾಯಿಯನ್ನು ದಾಟದು. ಸುಮಾರು 20 ರೂಪಾಯಿ ಕೊಟ್ಟು ಕೊಳ್ಳುವ ಒಂದು ಲೀಟರಿನ ಬಾಟಲಿಯ ಬೆಲೆಗೆ ಪಾಲಿಕೆಯು ಮೂರು ಸಾವಿರ ಲೀಟರುಗಳಿಗೂ ಹೆಚ್ಚು ನೀರು ಕೊಡುತ್ತದೆ. ಈ ಅಗ್ಗದ ನೀರು ಯಾರಿಗೆ ಸಿಗುತ್ತದೆ? ನಳ ಇರುವವನಿಗೆ. ಅಧಿಕೃತ ಸಂಪರ್ಕವಿಲ್ಲದ ಬಸ್ತಿಯ ಹೆಂಗಸು ಕ್ಯಾನಿನ ಲೆಕ್ಕದಲ್ಲಿ, ಡ್ರಮ್ಮಿನ ಲೆಕ್ಕದಲ್ಲಿ ಕೊಳ್ಳುತ್ತಾಳೆ. ಲೀಟರಿಗೆ ಹಿಡಿದು ನೋಡಿದರೆ ಅವಳು ನಮಗಿಂತ ಹತ್ತಾರು ಪಟ್ಟು ಹೆಚ್ಚು ತೆರುತ್ತಾಳೆ. ದರವನ್ನು ಒಂದು ರೂಪಾಯಿ ಇಳಿಸಿದರೆ ಲಾಭವಾಗುವುದು ನಮಗೆ, ಅವಳಿಗಲ್ಲ. ಅವಳಿಗೆ ಬೇಕಾದದ್ದು ರಿಯಾಯಿತಿಗಿಂತ ಮೊದಲು ಸಂಪರ್ಕ.

ಈ ವಿಷಯದಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ 2014ರ ಡಿಸೆಂಬರ್ 15ರಂದು ಒಂದು ಮಹತ್ತ್ವದ ತೀರ್ಪನ್ನು ನೀಡಿತು. ಪಾಣೀ ಹಕ್ ಸಮಿತಿಯ ಅರ್ಜಿಯ ಮೇಲೆ, ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠವು ನೀರಿನ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದೂ, ವಾಸದ ಗುಡಿಸಲು ಅನಧಿಕೃತವೆಂಬ ಒಂದೇ ಕಾರಣಕ್ಕೆ ನೀರನ್ನು ಸಂಪೂರ್ಣವಾಗಿ ನಿರಾಕರಿಸಲಾಗದೆಂದೂ ಹೇಳಿತು. ಇದೇ ಓಕಾ ಅವರು ಮುಂದೆ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾದುದು ಕನ್ನಡಿಗರಿಗೆ ತಿಳಿದದ್ದೇ. ಅಧಿಕೃತ ನಿವಾಸಿಗಳಿಗೆ ಕೊಡುವ ದರಕ್ಕಿಂತ ಹೆಚ್ಚಿನ ದರವನ್ನು ಬೇಕಾದರೆ ವಿಧಿಸಬಹುದೆಂದೂ ನ್ಯಾಯಾಲಯ ಹೇಳಿತ್ತು. ಗಮನಿಸಿ, ನ್ಯಾಯಾಲಯವು ಉಚಿತ ನೀರನ್ನು ಕೊಡಿರೆನ್ನಲಿಲ್ಲ, ಕೊಡಿರೆಂದಿತು. 2022ರಲ್ಲಿ ಪಾಲಿಕೆಯು ಎಲ್ಲರಿಗೂ ನೀರು ಎಂಬ ನೀತಿಯನ್ನು ಪ್ರಕಟಿಸಿತು. ಆ ನೀತಿಯ ಪ್ರಕಾರ ತಮ್ಮ ವಾರ್ಡಿನಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ಸಂಪರ್ಕ ಕೊಟ್ಟರು ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು.

ಎರಡನೆಯವರು ಒಳಚರಂಡಿಯವರು. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡಾ 80 ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ನೀರು ತರುವ ಖರ್ಚಿನ ಬಗ್ಗೆ ನಗರಗಳು ಮಾತನಾಡುತ್ತವೆ, ಅದನ್ನು ಕೊಂಡೊಯ್ಯುವ ಖರ್ಚಿನ ಬಗ್ಗೆ ಮೌನ ವಹಿಸುತ್ತವೆ. ಒಳಚರಂಡಿ ಶುಲ್ಕವನ್ನು ಮುಂಬಯಿಯಲ್ಲಿ ನೀರಿನ ಶುಲ್ಕದ ಶೇಕಡಾ 70, ದೆಹಲಿಯಲ್ಲಿ 60, ಬೆಂಗಳೂರಿನ ಮನೆಗಳಿಗೆ ಬಹುಕಾಲದಿಂದ ಶೇಕಡಾ 25 ಎಂದು ಹಾಕುತ್ತಾ ಬಂದಿದ್ದಾರೆ. ಕೊಳಚೆಯ ಗುಣವೂ ಅದನ್ನು ಶುದ್ಧಿ ಮಾಡುವ ಶ್ರಮವೂ ಮೂರು ನಗರಗಳಲ್ಲಿ ಅಷ್ಟೊಂದು ಭಿನ್ನವಾಗಿರಲಾರದು. ಹೊರಹಾಕಿದ ನೀರಿಗೆ ನಾವು ಎಷ್ಟು ಬೆಲೆ ಕೊಡಲು ಸಿದ್ಧರಿದ್ದೇವೆ ಎಂಬುದರಲ್ಲಿ ಭಿನ್ನತೆ ಇದೆ. ಮುಂಬಯಿಯ ಏಳು ಕಡೆಗಳಲ್ಲಿ ಒಟ್ಟು ದಿನಕ್ಕೆ 246 ಕೋಟಿ ಲೀಟರುಗಳ ಸಾಮರ್ಥ್ಯದ ಹೊಸ ಶುದ್ಧೀಕರಣ ಘಟಕಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅವುಗಳನ್ನು ನಡೆಸುವ ಖರ್ಚು ಮುಂದಿನ ವರ್ಷಗಳ ಬಿಲ್ಲುಗಳಲ್ಲಿ ಬಂದೇ ಬರುತ್ತದೆ. ಅದನ್ನು ವಿರೋಧಿಸುವ ಮೊದಲು, ಇದುವರೆಗೆ ಆ ಖರ್ಚನ್ನು ಅರಬ್ಬಿ ಸಮುದ್ರವೂ ಮೀಠೀ ನದಿಯೂ ಹೊತ್ತಿದ್ದವೆಂಬುದನ್ನು ನೆನೆಯಬೇಕು. ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಹಿಂದಿರುಗಿಸಬೇಕೆಂದು ನಮ್ಮ ಹಿರಿಯರು ಕಲಿಸಿದರು. ತೆಗೆದುಕೊಂಡ ಜಾಗಕ್ಕೆ ನೋಯಿಸದೆ ಹಿಂದಿರುಗಿಸುವ ಆ ಹೊಣೆ ಅಡಿಗೆಮನೆಯ ಬಾಗಿಲಿಗೇ ಮುಗಿಯಬೇಕೇ?

ಒಳಚರಂಡಿಯ ಲೆಕ್ಕದಲ್ಲಿ ಇನ್ನೂ ಘೋರವಾದ ಒಂದು ಬಾಬ್ತು ಇದೆ. ಕಟ್ಟಿಕೊಂಡ ಗುಂಡಿಯೊಳಗೆ ಮನುಷ್ಯನನ್ನು ಇಳಿಸುವುದು. 2013ರ ಕಾನೂನು ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಹಾಗೆ ಇಳಿಸಬಾರದೆಂದು ನಿಷೇಧಿಸಿದೆ. 2014ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಬೇಕಾಗಿ ಬಂದಿತೆಂದರೆ ಸಾವು ನಿಲ್ಲಲಿಲ್ಲವೆಂದೇ ಅರ್ಥ. ಯಂತ್ರಗಳು ಇಲ್ಲವೆಂದಲ್ಲ. ಹೈದರಾಬಾದಿನ ಜಲಮಂಡಳಿ 2017ರಲ್ಲಿ ಇಕ್ಕಟ್ಟಾದ ಓಣಿಗಳಲ್ಲಿಯೂ ನುಗ್ಗಬಲ್ಲ 70 ಸಣ್ಣ ಜೆಟ್ಟಿಂಗ್ ಯಂತ್ರಗಳನ್ನು ಕೆಲಸಕ್ಕೆ ಹಚ್ಚಿತು. ಅವುಗಳ ಮಾಲೀಕರಾಗಿ ದಲಿತ ಉದ್ಯಮಿಗಳನ್ನೇ ನಿಲ್ಲಿಸಿತು. ಯಂತ್ರಕ್ಕೆ ಹಣ ಬೇಕು, ಹಣ ದರದಿಂದ ಬರಬೇಕು. ಒಳಚರಂಡಿ ಶುಲ್ಕದಲ್ಲಿ ಉಳಿಸಿದ ಕೆಲವು ರೂಪಾಯಿಗಳನ್ನು ಯಾರೋ ಒಬ್ಬರ ಉಸಿರಿನಿಂದ ತುಂಬಿಸಿಕೊಳ್ಳುವ ದರವನ್ನು ಅಗ್ಗದ ದರವೆನ್ನಲು ನನ್ನ ನಾಲಿಗೆ ಏಳದು.

ಇದು ಪಾಲಿಕೆಯೊಂದರದೇ ದೋಷವಲ್ಲ. ಒಳಚರಂಡಿ ಜಾಲ ಇನ್ನೂ ತಲುಪದ ಉಪನಗರಗಳ ಸೊಸೈಟಿಗಳಲ್ಲಿ ಮಲಗುಂಡಿಗಳಿವೆ. ಅವುಗಳನ್ನು ಶುದ್ಧಿ ಮಾಡಿಸಲು ನಾವು ಮೂರು ಕಡೆ ಬೆಲೆ ಕೇಳಿ, ಕಡಿಮೆ ಹೇಳಿದ ಗುತ್ತಿಗೆದಾರನಿಗೆ ಒಪ್ಪಿಸುತ್ತೇವೆ. ಆ ಕಡಿಮೆ ಬೆಲೆ ಹೇಗೆ ಸಾಧ್ಯವಾಯಿತೆಂದು ಕೇಳುವುದಿಲ್ಲ. ಇರುವೆಯನ್ನು ತುಳಿಯದಂತೆ ನಡೆಯುವ ಸಮಾಜ ಈ ಒಂದು ಪ್ರಶ್ನೆಯನ್ನು ಕೇಳದೆ ಇರಬಾರದು. ಒಳಗೆ ಯಾರೂ ಇಳಿಯಕೂಡದು, ಯಂತ್ರದಿಂದಲೇ ಆಗಬೇಕು ಎಂದು ಕರಾರಿನಲ್ಲಿ ಬರೆಯಿಸಿಕೊಳ್ಳಲು ಸೊಸೈಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಮೂರನೆಯವರು ನೀರಿನ ಮೂಲದಲ್ಲಿರುವವರು. ತಾನ್ಸಾ, ಭಾತ್ಸಾ ಜಲಾಶಯಗಳಿರುವ ಶಹಾಪುರ ತಾಲೂಕಿನ ಅನೇಕ ಆದಿವಾಸಿ ಪಾಡಾಗಳಿಗೆ ಪ್ರತಿ ಬೇಸಗೆಯಲ್ಲಿ ಟ್ಯಾಂಕರಿನಿಂದ ನೀರು ಪೂರೈಸುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅವರ ಕಣ್ಣೆದುರಿನಲ್ಲಿಯೇ ಆಳೆತ್ತರದ ಕೊಳವೆಗಳು ಮುಂಬಯಿಯ ಕಡೆಗೆ ಸಾಗುತ್ತವೆ. ನಮ್ಮ ದರ ಅಗ್ಗವಾಗಿರುವುದು ಆ ಬೆಟ್ಟಗಳ ಎತ್ತರದಿಂದ, ಆ ಕಣಿವೆಗಳಲ್ಲಿ ಮುಳುಗಿದ ನೆಲದಿಂದ. ಸಾವಿರ ಲೀಟರಿಗೆ ಕೆಲವು ಪೈಸೆಗಳನ್ನು ಮೂಲಗ್ರಾಮಗಳ ನೀರಿಗಾಗಿ ಎಂದು ತೆಗೆದಿಟ್ಟರೆ ನಗರದ ಯಾವ ಮನೆಗೂ ಅದು ಭಾರವಾಗದು. ದಿನಕ್ಕೆ 385 ಕೋಟಿ ಲೀಟರುಗಳಲ್ಲಿ ಕಾಲುಭಾಗ ಸೋರಿಹೋದರೂ ಉಳಿದದ್ದರ ಮೇಲೆ ಸಾವಿರ ಲೀಟರಿಗೆ 10 ಪೈಸೆಯಂತೆ ವರ್ಷಕ್ಕೆ 10 ಕೋಟಿ ರೂಪಾಯಿಗೂ ಹೆಚ್ಚಾಗುತ್ತದೆ. ಕಾಗದದ ಮೇಲೆ ನೀವೇ ಗುಣಿಸಿ ನೋಡಬಹುದು.

ಈಗ ಕೊನೆಯ ಪ್ರಶ್ನೆ. ಇವನ್ನೆಲ್ಲ ತೀರ್ಮಾನಿಸುವವರು ಯಾರು? ವಿದ್ಯುತ್ತಿನ ದರವನ್ನು ಏರಿಸಬೇಕಾದರೆ 2003ರ ಕಾನೂನಿನ ಪ್ರಕಾರ ಕಂಪನಿಯು ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಒಪ್ಪಿಸಬೇಕು. ಸಾರ್ವಜನಿಕರ ಆಕ್ಷೇಪಣೆಗಳನ್ನು ಕೇಳಬೇಕು, ಆಯೋಗವು ಕಾರಣಗಳನ್ನು ಬರೆದು ಆದೇಶ ಕೊಡಬೇಕು. ಮಹಾರಾಷ್ಟ್ರದಲ್ಲಿ 2005ರ ಕಾನೂನಿನ ಪ್ರಕಾರ ರಚಿತವಾದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರವು ಅಣೆಕಟ್ಟುಗಳ ಸಗಟು ನೀರಿನ ದರವನ್ನು ನಿರ್ಧರಿಸುವಾಗ ಜನರ ಅಭಿಪ್ರಾಯ ಕೇಳುತ್ತದೆ. ಆದರೆ ಮನೆಯ ನಳದ ನೀರಿಗೆ ಅಂಥ ವೇದಿಕೆ ಇಲ್ಲ. ಮುಂಬಯಿಯಲ್ಲಿ ದರವನ್ನು ವರ್ಷಕ್ಕೆ ಶೇಕಡಾ 8ರವರೆಗೆ ಏರಿಸುವ ಅಧಿಕಾರವನ್ನು 2012ರಲ್ಲಿಯೇ ಆಡಳಿತಕ್ಕೆ ಒಪ್ಪಿಸಲಾಯಿತು. ಖರ್ಚು ಏರಿದಂತೆ ದರವೂ ಸ್ವಲ್ಪಸ್ವಲ್ಪವಾಗಿ ಏರುವುದು, ಬೆಂಗಳೂರಿನಂತೆ ಹನ್ನೊಂದು ವರ್ಷಕ್ಕೊಮ್ಮೆ ಬಡಿಯುವುದಕ್ಕಿಂತ ಮೇಲೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಏರಿದ್ದು ಏಕೆ, ಸೋರಿಕೆ ಎಷ್ಟು ತಗ್ಗಿತು, ಎಷ್ಟು ಹೊಸ ಸಂಪರ್ಕಗಳಾದವು ಎಂದು ಯಾರಾದರೂ ಕೇಳಬೇಕಲ್ಲ? 2022ರ ಮಾರ್ಚಿನಿಂದ ಮೂರು ವರ್ಷಗಳಿಗೂ ಹೆಚ್ಚು ಕಾಲ ಈ ನಗರವನ್ನು ಚುನಾಯಿತ ನಗರಸೇವಕರಿಲ್ಲದೆ ಆಡಳಿತಾಧಿಕಾರಿಯೇ ನಡೆಸಿದರು. ಕೇಳುವ ಬಾಯಿಯೇ ಇರಲಿಲ್ಲ. ಸಂವಿಧಾನದ 74ನೆಯ ತಿದ್ದುಪಡಿ ನೀರು ಪೂರೈಕೆಯನ್ನು ನಗರಾಡಳಿತಗಳ ಕರ್ತವ್ಯಗಳ ಪಟ್ಟಿಯಲ್ಲಿ ಸೇರಿಸಿದ್ದು ಜನರಿಗೆ ಹತ್ತಿರದಲ್ಲಿ ಉತ್ತರ ಹೇಳುವವರು ಇರಲೆಂದು.

ಆದುದರಿಂದ ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಎಷ್ಟು ಲೀಟರ್ ಉಚಿತ ಕೊಡುವಿರೆಂದು ಕೇಳಬೇಡಿ. ದರವನ್ನು ನಿರ್ಧರಿಸುವ ಮೊದಲು ಬಹಿರಂಗ ವಿಚಾರಣೆ ನಡೆಸುವಿರಾ ಎಂದು ಕೇಳಿ. ಪಾಲಿಕೆಯ ನೀರು ಮತ್ತು ಒಳಚರಂಡಿಯ ಆಯವ್ಯಯವು ಬಜೆಟ್ 'ಜಿ' ಎಂಬ ಪ್ರತ್ಯೇಕ ಪುಸ್ತಕದಲ್ಲಿ ಪ್ರತಿ ವರ್ಷ ಪ್ರಕಟವಾಗುತ್ತದೆ. ನಮ್ಮ ಸಮಾಜದಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ಇಬ್ಬರು ಮೂವರು ತರುಣರು ಸೇರಿ ವರ್ಷಕ್ಕೊಮ್ಮೆ ಆ ಪುಸ್ತಕವನ್ನು ಓದಿ, ಎಲ್ಲರಿಗೂ ತಿಳಿಯುವಂತೆ ನಾಲ್ಕು ಪುಟಗಳಲ್ಲಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೆಯಿಲ್ಲ. ಬೇಸಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಡುವ ಪುಣ್ಯಕಾರ್ಯ ನಡೆಯಲಿ. ಅದರ ಜೊತೆಗೆ, ಹಕ್ಕಿನಿಂದ ನೀರು ಸಿಗಬೇಕಾದವರು ದಾನಕ್ಕಾಗಿ ಸಾಲುನಿಲ್ಲದಂತೆ ನೋಡಿಕೊಳ್ಳುವ ಕಾರ್ಯವೂ ನಡೆಯಲಿ.

ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ನಮ್ಮ ಬಂಧುಗಳು ತಮ್ಮ ತಮ್ಮ ನಗರದ ಬಿಲ್ಲನ್ನು ಒಮ್ಮೆ ಕೈಗೆತ್ತಿಕೊಂಡು ಇದೇ ನಾಲ್ಕು ಪ್ರಶ್ನೆಗಳನ್ನು ಕೇಳಲಿ. ಸೋರಿದ ನೀರಿನ ಹಣವನ್ನು ಯಾರು ಕೊಡುತ್ತಿದ್ದಾರೆ? ದೊಡ್ಡ ಕುಟುಂಬಕ್ಕೆ ಶಿಕ್ಷೆಯಾಗುತ್ತಿದೆಯೇ? ನಳವಿಲ್ಲದವರು ಎಷ್ಟು ತೆರುತ್ತಿದ್ದಾರೆ? ಗುಂಡಿಯೊಳಗೆ ಯಾರಾದರೂ ಇಳಿಯುತ್ತಿದ್ದಾರೆಯೇ? ಇವುಗಳಿಗೆ ಒಪ್ಪುವ ಉತ್ತರ ಸಿಕ್ಕ ದಿನ, ದರ ಎರಡು ರೂಪಾಯಿ ಹೆಚ್ಚೇ ಆಗಿದ್ದರೂ ಅದನ್ನು ಸಂತೋಷದಿಂದ ತೆರೋಣ.